ಮಳೆಗಾಲಕ್ಕೆ ಮುನ್ನ ಮನೆ ರಿಪೇರಿ, ಮೈಗೂ ಕೆಲಸ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆಯವು ಬಹಳ. ಮುಂಗಾರಿಗೆ ಮೊದಲು ಸೌಳು ಮಣ್ಣು ತಂದು ಮಾಳಿಗೆಗೆ ಹಾಕುವುದು ಮನೆಮಂದಿಯೆಲ್ಲ ಕೂಡಿ ಮಾಡುತ್ತಿದ್ದ ಕೆಲಸ. ಸೌಳಿನಲ್ಲಿರುವ ಸೋಡಿಯಂ ಲವಣದಿಂದಾಗಿ ಮಣ್ಣಿನ ಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಸಣ್ಣ ಸಣ್ಣ ಸಂದುಗಳನ್ನು ಮುಚ್ಚಿಬಿಡುತ್ತವೆ. ಆದ್ದರಿಂದಲೇ ಮಾಳಿಗೆ ಸೋರುವುದಿಲ್ಲ. ಮಣ್ಣು ಅಗೆದು, ಬುಟ್ಟಿ ತುಂಬಿ, ಏಣಿ ಹತ್ತಿ, ಹರಡಿ, ತುಳಿದು ಮುಗಿಸುವಷ್ಟರಲ್ಲಿ ಮೈಯ ಯಾವ ಸ್ನಾಯುವೂ ಸುಮ್ಮನಿರುತ್ತಿರಲಿಲ್ಲ.

ಈಗ ಆರ್‌ಸಿಸಿ ಮನೆಗಳು ಬಂದಿವೆ, ಒಳ್ಳೆಯದೇ. ಆದರೆ ಗೋಡೆಗೆ ಮೊಳೆ ಹೊಡೆಯಲೂ ಆಳನ್ನು ಕರೆಸುವ ರೂಢಿ ಬೆಳೆದಿದೆ. ಅದೇ ಮನೆಯ ಯಜಮಾನರು ಐವತ್ತು ತುಂಬುವುದರೊಳಗೆ ಸಕ್ಕರೆ ಕಾಯಿಲೆ, ಬಿಪಿ ಎಂದು ಆಸ್ಪತ್ರೆಗೆ ಬರುತ್ತಾರೆ. ದಿನವೂ ಅರ್ಧ ಗಂಟೆ ನಡೆಯಿರಿ ಎಂದರೆ, ‘ಟೈಮ್ ಎಲ್ಲೈತ್ರಿ ಡಾಕ್ಟ್ರೇ?’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇಂಥವರಿಗೆ ಮನೆಯ ಸಣ್ಣಪುಟ್ಟ ರಿಪೇರಿಯೇ ಒಂದು ದಾರಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮನೆಯ ಕೆಲಸವೂ ಈ ಲೆಕ್ಕಕ್ಕೆ ಸೇರುತ್ತದೆ. ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಏದುಸಿರು ಬಂದರೆ ಅದು ಸಾಧಾರಣ ಶ್ರಮ. ಸುಣ್ಣ ಬಳಿಯುವುದು, ಅಂಗಳದ ಗುಂಡಿಗೆ ಮಣ್ಣು ತುಂಬುವುದು, ತೊಟ್ಟಿ ತಿಕ್ಕುವುದು ಇವೆಲ್ಲ ಇದರಲ್ಲಿ ಬರುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ ನೆರವಿಲ್ಲದೆಯೂ ಎಳೆದುಕೊಳ್ಳಬಲ್ಲದು. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಅಗ್ಗದ ಔಷಧಿ ನನಗೆ ಗೊತ್ತಿಲ್ಲ. ಹಾಗೆಂದು ನುಂಗುತ್ತಿರುವ ಮಾತ್ರೆ ಬಿಡಬಾರದು. (ಹೆಂಗಸರು ಇಂಥ ಕೆಲಸವನ್ನು ದಿನವೂ ಮಾಡುತ್ತಲೇ ಇದ್ದಾರೆ. ಈ ಮಾತು ಹೆಚ್ಚಾಗಿ ಗಂಡಸರಿಗೆ.)

ಎಲ್ಲಿಂದ ಶುರು ಮಾಡುವುದು? ನನ್ನನ್ನು ಕೇಳಿದರೆ ನೀರಿನ ತೊಟ್ಟಿಯಿಂದ. ದಿನ ಬಿಟ್ಟು ದಿನ ನಲ್ಲಿ ನೀರು ಬರುವ ಊರುಗಳಲ್ಲಿ ಮನೆಮನೆಯಲ್ಲೂ ಸಿಮೆಂಟ್ ತೊಟ್ಟಿ, ಡ್ರಮ್ಮು ಇದ್ದೇ ಇರುತ್ತವೆ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಇಂಥ ತಿಳಿನೀರನ್ನೇ ಹುಡುಕುತ್ತದೆ. ನೀರಿನ ಮಟ್ಟಕ್ಕೆ ತುಸು ಮೇಲೆ, ತೊಟ್ಟಿಯ ಗೋಡೆಗೆ ಅದು ಮೊಟ್ಟೆ ಅಂಟಿಸುತ್ತದೆ. ನೀರು ಖಾಲಿಯಾಗಿ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ತುಂಬಿದಾಗ ಮರಿಯಾಗಿ, ನಮ್ಮ ಸೆಕೆಯಲ್ಲಿ ಎಂಟು ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು. ಮುಚ್ಚಳ ಒಡೆದಿದ್ದರೆ ಹೊಸದು ತರುವವರೆಗೆ ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ. ತೊಟ್ಟಿ ತಿಕ್ಕಿದ ತೋಳಿಗೂ ಲಾಭ, ಮನೆಯ ಮಕ್ಕಳಿಗೂ ಲಾಭ.

ಎರಡನೆಯದು ಗೋಡೆಯ ಬಿರುಕು. ಕಲ್ಲು ಮಣ್ಣಿನ ಗೋಡೆಯ ಸಂದುಗಳಲ್ಲಿ ಚೇಳು ಸೇರಿಕೊಳ್ಳುತ್ತದೆ. ಕೆಂಪು ಚೇಳಿನ ವಿಷ ಮಕ್ಕಳ ಹೃದಯಕ್ಕೇ ಪೆಟ್ಟು ಕೊಡಬಹುದು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಬಿಪಿ ಮಾತ್ರೆ ಕೊಟ್ಟು ಇದರ ಸಾವನ್ನು ಬಹಳ ಮಟ್ಟಿಗೆ ತಗ್ಗಿಸಿ ತೋರಿಸಿದರು. ಆದರೆ ಅದು ಫಲಿಸಬೇಕಾದರೆ ಮಂತ್ರ ಹಾಕಿಸುತ್ತಾ ಹೊತ್ತು ಕಳೆಯದೆ ಆಸ್ಪತ್ರೆಗೆ ಬರಬೇಕು. ಸಂದಿಗೆ ಗಾರೆ ಮೆತ್ತುವುದು ಒಂದು ಮಧ್ಯಾಹ್ನದ ಕೆಲಸ. ಬರಿಗೈಯನ್ನು ಮಾತ್ರ ಸಂದಿಯೊಳಗೆ ಹಾಕಬೇಡಿ, ಮೊದಲು ಕೋಲಿನಿಂದ ಕೆದಕಿ ನೋಡಿ.

ನಿವೃತ್ತರಾದವರಿಗೆ ಇನ್ನೊಂದು ಲಾಭವಿದೆ. ಅಲುಗಾಡುವ ಮಣೆಯನ್ನು ತಾನೇ ಸರಿಮಾಡಿದ ಅಜ್ಜನಿಗೆ ಆ ಮನೆಯಲ್ಲಿ ತನ್ನ ಅಗತ್ಯ ಇನ್ನೂ ಇದೆ ಅನ್ನಿಸುತ್ತದೆ. ಆ ರಾತ್ರಿ ನಿದ್ದೆ ಮಾತ್ರೆ ಕೇಳುವುದು ಕಡಿಮೆ.

ಇನ್ನು ಎಚ್ಚರಿಕೆಯ ಮಾತು. ಎದೆನೋವು ಬಂದುಹೋದವರು, ನಾಲ್ಕು ಮೆಟ್ಟಿಲಿಗೇ ಉಸಿರು ಕಟ್ಟುವವರು ವೈದ್ಯರನ್ನು ಕೇಳಿಯೇ ಕೆಲಸಕ್ಕಿಳಿಯಬೇಕು. ಅರವತ್ತು ದಾಟಿದವರು, ತಲೆಸುತ್ತು ಬರುವವರು ಏಣಿ ಹತ್ತುವುದು ಬೇಡ. ಅದು ಮಗನಿಗೋ ಮೊಮ್ಮಗನಿಗೋ ಇರಲಿ, ಕೆಳಗೆ ಒಬ್ಬರು ಏಣಿ ಹಿಡಿದಿರಲಿ. ಕರೆಂಟಿನ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅವನ್ನು ಕೊರೆಯುವುದಾಗಲಿ ಒಡೆಯುವುದಾಗಲಿ ಕೂಡದು, ಆ ಧೂಳು ಶ್ವಾಸಕೋಶಕ್ಕೆ ಕೇಡು. ಏಪ್ರಿಲ್, ಮೇ ಬಿಸಿಲಿನಲ್ಲಿ ಹೊರಗಿನ ಕೆಲಸವನ್ನು ಬೆಳಗಿನ ಹತ್ತರೊಳಗೆ ಮುಗಿಸಿ.

ತುಕ್ಕು ಮೊಳೆ ಚುಚ್ಚಿ ಮಣ್ಣು ಸೇರಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಸುಣ್ಣ ಕಣ್ಣಿಗೆ ಸಿಡಿದರೆ ಹಾಲು, ಎಣ್ಣೆ ಎಂದು ಹುಡುಕುತ್ತಾ ಕೂಡಬೇಡಿ. ಕಣ್ಣು ಬಿಡಿಸಿ, ಹಿಟ್ಟು ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆದು, ಇಪ್ಪತ್ತು ನಿಮಿಷ ತಣ್ಣೀರು ಸುರಿಯುತ್ತಲೇ ಇರಿ. ಆಸ್ಪತ್ರೆಗೆ ಹೊರಡುವುದು ಆಮೇಲೆ.