ತಿದ್ದುಪಡಿಗಳ ವಂಶಾವಳಿ

ಬೇಲೂರು, ಹಳೇಬೀಡುಗಳ ಶಾಸನಪಾಠಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯದಲ್ಲಿ ನಾನೂ ನನ್ನ ತಂಗಿಯ ಮಗಳೂ ಮಾದಿಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ತೊಡಗಿ ಎರಡು ವರ್ಷಗಳಾದುವು. ಕಳೆದ ಮಾಘಮಾಸದ ಒಂದು ಸಂಜೆ, ಬರೆದುದನ್ನೆಲ್ಲ ಮೊದಲಿನಿಂದ ಓದುತ್ತ ಬರುತ್ತಿದ್ದಾಗ, ಬೇಲೂರಿನ ಚೆನ್ನಕೇಶವ ದೇವರ ಪ್ರತಿಷ್ಠೆಯನ್ನು ಕುರಿತ ನಮ್ಮ ಟಿಪ್ಪಣಿಯಲ್ಲಿ ‘ಶಕ 1093, ಹೇಮಳಂಬಿ ಸಂವತ್ಸರ’ ಎಂದಿದ್ದುದನ್ನು ಕಂಡು ನನ್ನ ಕಣ್ಣು ಅಲ್ಲಿಯೇ ನಿಂತಿತು. ಶಕ 1093 ಖರ ಸಂವತ್ಸರವೇ ಹೊರತು ಹೇಮಳಂಬಿಯಲ್ಲ. ಅಷ್ಟೇ ಅಲ್ಲ, ಆ ಹೊತ್ತಿಗೆ, ಪ್ರತಿಷ್ಠೆಯನ್ನು ಮಾಡಿಸಿದ ಹೊಯ್ಸಳ ಅರಸ ವಿಷ್ಣುವರ್ಧನನು ಕಾಲವಾಗಿ ಅವನ ಮಗ ಒಂದನೆಯ ನರಸಿಂಹನು ಆಳುತ್ತಿದ್ದನು. ಪ್ರತಿಷ್ಠೆ ನಡೆದುದು ಶಕ 1039ರಲ್ಲಿ, ಎಂದರೆ ಕ್ರಿ.ಶ. 1117ರಲ್ಲಿ. ಈ ತಪ್ಪು ಎಂದು, ಯಾರ ಕೈಯಿಂದ, ಏತಕ್ಕಾಗಿ ಒಳಹೊಕ್ಕಿತು?

ಕಾಗದದ ಹಸ್ತಪ್ರತಿಯಾಗಿದ್ದರೆ ಈ ಪ್ರಶ್ನೆಗೆ ಉತ್ತರವಿರುತ್ತಿರಲಿಲ್ಲ. ನಮ್ಮ ಪಾಠವಾದರೋ ‘ಗಿಟ್’ ಎಂಬ ತಂತ್ರಾಂಶದ ರಕ್ಷಣೆಯಲ್ಲಿತ್ತು. ಬರೆಹದ ಒಂದೊಂದು ಅವಸ್ಥೆಯನ್ನೂ ಕಾಪಿಟ್ಟುಕೊಂಡು, ಬೇಕೆಂದಾಗ ಹಿಂದಿನದನ್ನು ತೋರಿಸಬಲ್ಲ ಇಂಥ ವ್ಯವಸ್ಥೆಗಳು 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ್ಗೊಂಡುವು; ಇಂದು ಜಗತ್ತಿನ ಬಹುಪಾಲು ತಂತ್ರಾಂಶಕಾರರು ಬಳಸುವ ಗಿಟ್ ಅನ್ನು ಲಿನಕ್ಸ್‌ನ ಕರ್ತೃವಾದ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ರಚಿಸಿದರು. ತಂತ್ರಾಂಶಕ್ಕೆಂದು ಹುಟ್ಟಿದ್ದಾದರೂ ಅಕ್ಷರಗಳಿಂದಾದ ಯಾವ ಬರೆಹವನ್ನಾದರೂ ಅದು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಅದರಲ್ಲಿ ಒಂದು ಹಂತದ ಕೆಲಸವನ್ನು ಮುಗಿಸಿ ಮುದ್ರೆಯೊತ್ತುವುದಕ್ಕೆ ‘ಕಮಿಟ್’ ಎಂದು ಹೆಸರು. ಪ್ರತಿಯೊಂದು ಕಮಿಟ್ಟಿನಲ್ಲಿಯೂ ಮಾಡಿದವರ ಹೆಸರು, ದಿನ, ವೇಳೆ, ಆ ಕ್ಷಣದ ಬರೆಹದ ಸಮಗ್ರ ಸ್ವರೂಪ, ಮಾಡಿದವರೇ ಬರೆದ ಒಂದು ಚಿಕ್ಕ ಒಕ್ಕಣೆ, ಇವೆಲ್ಲಕ್ಕೂ ಮಿಗಿಲಾಗಿ ತನ್ನ ಹಿಂದಿನ ಕಮಿಟ್ ಯಾವುದೆಂಬ ಉಲ್ಲೇಖವಿರುತ್ತದೆ. ಹೊಯ್ಸಳರ ಶಾಸನಗಳನ್ನು ಓದಿದವರಿಗೆ ಇದು ಅಪರಿಚಿತವಾದ ಕ್ರಮವಲ್ಲ: ಸಳನಿಂದ ತೊಡಗಿ ವಿನಯಾದಿತ್ಯ, ಎರೆಯಂಗ, ವಿಷ್ಣುವರ್ಧನ ಎಂದು ವಂಶವನ್ನು ಎಣಿಸಿಕೊಂಡು ಬಂದು ತನ್ನ ಕಾಲದ ದಾನವನ್ನು ಹೇಳುವ ಶಾಸನಕ್ಕೆ ತನ್ನ ಪೂರ್ವಜರು ಗೊತ್ತು, ಮುಂದೆ ಹುಟ್ಟಲಿರುವವರು ಗೊತ್ತಿಲ್ಲ. ಕಮಿಟ್ಟಿಗೂ ಹಾಗೆಯೇ ತಂದೆ ಗೊತ್ತು, ಮಕ್ಕಳು ಗೊತ್ತಿಲ್ಲ. ಆದಕಾರಣವೇ ‘ಗಿಟ್ ಲಾಗ್’ ಎಂಬ ಆಜ್ಞೆಯನ್ನು ಕೊಟ್ಟಾಗ ಇತಿಹಾಸವು ಇಂದಿನಿಂದ ಹಿಂದಕ್ಕೆ, ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಎಂಬಂತೆ ಬಿಚ್ಚಿಕೊಳ್ಳುತ್ತದೆ. ಪ್ರತಿ ಕಮಿಟ್ಟಿನ ಗುರುತಾದ 40 ಚಿಹ್ನೆಗಳ ಉದ್ದನೆಯ ಹೆಸರು ಅದರ ಒಡಲಿನಿಂದಲೂ ಅದರ ತಂದೆಯ ಹೆಸರಿನಿಂದಲೂ ಗಣಿತದ ಮೂಲಕ ಹುಟ್ಟುವುದರಿಂದ, ಹಳೆಯದೊಂದರಲ್ಲಿ ಒಂದಕ್ಷರ ತಿದ್ದಿದರೂ ಅದರ ಸಂತತಿಯ ಹೆಸರುಗಳೆಲ್ಲ ಬದಲಾಗಿ ಕೃತ್ರಿಮವು ಬಯಲಾಗುತ್ತದೆ.

ಗಿಟ್‌ನಲ್ಲಿ ‘ಬ್ರಾಂಚ್’ ಎನ್ನುವ ಕವಲುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಶಾಸನಗಳಲ್ಲಿ ಬರುವ ಱ, ೞ ಎಂಬ ಹಳಗನ್ನಡದ ಅಕ್ಷರಗಳನ್ನು ಇದ್ದಂತೆಯೇ ಉಳಿಸಬೇಕೆಂಬುದು ನನ್ನ ಪಕ್ಷ; ಇಂದಿನ ಓದುಗರಿಗಾಗಿ ಅವನ್ನು ರ, ಳ ಎಂದು ಬರೆದ ಪಾಠವೂ ಬೇಕೆಂಬುದು ತಂಗಿಯ ಮಗಳ ಪಕ್ಷ. ಇಬ್ಬರೂ ಜಗಳವಾಡದೆ ಕೆಲಸ ಸಾಗಲೆಂದು ಅವಳು ‘ಹೊಸಪಾಠ’ ಎಂಬ ಬ್ರಾಂಚನ್ನು ತೆರೆದಳು. ಎಲ್ಲ ಬ್ರಾಂಚುಗಳನ್ನೂ ರೇಖಾಚಿತ್ರವಾಗಿ ತೋರಿಸೆಂದು ಲಾಗ್‌ಗೆ ಹೇಳಿದರೆ, ಕಪ್ಪು ಪರದೆಯ ಎಡಬದಿಯಲ್ಲಿ ಒಂದೊಂದು ಕಮಿಟ್ಟಿಗೆ ಒಂದೊಂದು ನಕ್ಷತ್ರ ಚಿಹ್ನೆ, ಅವುಗಳನ್ನು ಪೋಣಿಸುವ ನೆಟ್ಟಗೆರೆ, ಕವಲೊಡೆದೆಡೆಯಲ್ಲಿ ಓರೆಗೆರೆ, ಪಕ್ಕದಲ್ಲಿ ಎರಡನೆಯ ನೆಟ್ಟಗೆರೆ, ಮತ್ತೆ ಕೂಡಿದೆಡೆಯಲ್ಲಿ ಒಳಮುಖವಾಗಿ ಬಾಗಿದ ಇನ್ನೊಂದು ಓರೆಗೆರೆ ಮೂಡುತ್ತವೆ. ಕೂಡಿದ ಆ ಸ್ಥಳದ ಕಮಿಟ್ಟಿಗೆ ತಂದೆಯರು ಇಬ್ಬರು. ಸೋಮೇಶ್ವರನ ತರುವಾಯ ದೋರಸಮುದ್ರದಲ್ಲಿ ಮೂರನೆಯ ನರಸಿಂಹನೂ ತಮಿಳುನಾಡಿನ ಕಣ್ಣನೂರಿನಲ್ಲಿ ರಾಮನಾಥನೂ ಆಳುತ್ತ ಎರಡಾಗಿದ್ದ ಹೊಯ್ಸಳ ರಾಜ್ಯವು ಮೂರನೆಯ ಬಲ್ಲಾಳನ ಕೈಯಲ್ಲಿ ಮರಳಿ ಒಂದಾದುದನ್ನು ಚಿತ್ರಿಸಬೇಕಾದರೂ ಇದೇ ಆಕೃತಿ ಸಾಕು.

ಬ್ರಾಂಚ್ ಎಂದರೆ ಕಮಿಟ್ಟುಗಳನ್ನು ತುಂಬಿಟ್ಟ ಪೆಟ್ಟಿಗೆಯೆಂದು ನಾನು ಬಹುಕಾಲ ತಿಳಿದಿದ್ದೆನು. ನಿಜವಾಗಿ ಅದು ಆ ಸಾಲಿನ ತುದಿಯ ಕಮಿಟ್ಟಿಗೆ ಅಂಟಿಸಿದ ಹೆಸರಿನ ಚೀಟಿ ಮಾತ್ರ. ಹೊಸ ಕಮಿಟ್ ಹುಟ್ಟಿದಂತೆಲ್ಲ ಚೀಟಿಯು ಮುಂದಕ್ಕೆ ಸರಿಯುತ್ತದೆ. ಕೂಡಿಸಿದ ಮೇಲೆ ಚೀಟಿಯನ್ನು ಕಿತ್ತರೂ ಇತಿಹಾಸಕ್ಕೆ ಲೋಪವಿಲ್ಲ. ಕೂಡಿಸುವ ಮೊದಲೇ ಕಿತ್ತರೆ, ಆ ಕಮಿಟ್ಟುಗಳಿಗೆ ಹೋಗುವ ದಾರಿಯೇ ಮುಚ್ಚಿ, ಕೆಲಕಾಲದ ತರುವಾಯ ಅವು ಕಸದೊಡನೆ ಹೋಗುತ್ತವೆ. ಒಂದು ಕಮಿಟ್ ಹುಟ್ಟಿದಾಗ ಯಾವ ಬ್ರಾಂಚಿನಲ್ಲಿತ್ತು ಎಂಬುದನ್ನು ಅದು ತನ್ನ ಒಡಲಲ್ಲಿ ಬರೆದಿಟ್ಟುಕೊಳ್ಳುವುದೂ ಇಲ್ಲ.

ಇನ್ನು ನಮ್ಮ ತಪ್ಪಿನ ಶೋಧ. ಒಂದು ಕಡತದ ಸಾಲು ಸಾಲಿನ ಮುಂದೆಯೂ ಅದನ್ನು ಕಡೆಯದಾಗಿ ಮುಟ್ಟಿದವರ ಹೆಸರನ್ನೂ ದಿನವನ್ನೂ ತೋರುವ ‘ಗಿಟ್ ಬ್ಲೇಮ್’ ಎಂಬ ಆಜ್ಞೆಯುಂಟು. ಅವಳು ಅದನ್ನು ಕೊಟ್ಟಳು. ‘ಶಕ 1093’ ಎಂಬ ಸಾಲಿನ ಮುಂದೆ ಅವಳದೇ ಹೆಸರು ಬಂತು. ನಾನೇನೂ ಅನ್ನಲಿಲ್ಲ. ಅವಳು ಮಾತ್ರ ಕೂಡಲೆ, “ಇಲ್ಲ ಮಾವ, ಇದು ಕೊನೇ ಸಲ ಮುಟ್ಟಿದವರ ಹೆಸರು ಅಷ್ಟೆ, ತಪ್ಪು ಮಾಡಿದವರದೇ ಆಗಬೇಕಿಲ್ಲ, ತಾಳಿ” ಎಂದು ಆ ಕಮಿಟ್ಟನ್ನು ತೆರೆದು ತೋರಿಸಿದಳು. ಹಳೆಯ ಸಾಲು ಕೆಂಪಿನಲ್ಲಿ ಕಳೆಯುವ ಚಿಹ್ನೆಯೊಡನೆ, ಹೊಸ ಸಾಲು ಹಸುರಿನಲ್ಲಿ ಕೂಡುವ ಚಿಹ್ನೆಯೊಡನೆ ಕಂಡುವು. ಎರಡರಲ್ಲಿಯೂ ಅಂಕಿ 1093 ಎಂದೇ ಇತ್ತು. ಅವಳು ಮಾಡಿದ್ದು ಸಾಲಿನ ಮೊದಲಲ್ಲಿದ್ದ ಖಾಲಿ ಜಾಗವನ್ನು ಸರಿಪಡಿಸಿದ್ದು ಮಾತ್ರ. ಆಮೇಲೆ ಅವಳು ‘1093’ ಎಂಬ ಅಂಕಿ ಮೊತ್ತಮೊದಲು ಕಾಣಿಸಿಕೊಂಡ ಕಮಿಟ್ಟನ್ನೇ ಹುಡುಕೆಂದು ಲಾಗ್‌ಗೆ ಆಜ್ಞಾಪಿಸಲು, ಹಿಂದಿನ ವರ್ಷದ ಶ್ರಾವಣದ ಒಂದು ರಾತ್ರಿ ಹನ್ನೊಂದೂವರೆಗೆ ನಾನು ಮಾಡಿದ ಕಮಿಟ್ ಹೊರಬಿದ್ದಿತು. ಕೆಂಪು ಸಾಲಿನಲ್ಲಿ 1039, ಹಸುರು ಸಾಲಿನಲ್ಲಿ 1093. ಸಾಲನ್ನು ಮರಳಿ ಬೆರಳಚ್ಚು ಮಾಡುವಾಗ ಕೊನೆಯ ಎರಡಂಕಿಗಳು ಸ್ಥಾನಪಲ್ಲಟವಾಗಿದ್ದುವು.

ನನ್ನನ್ನು ಹೆಚ್ಚಾಗಿ ಕಾಡಿದುದು ಆ ಅಂಕಿಗಿಂತಲೂ ಕಮಿಟ್ಟಿನ ಒಕ್ಕಣೆ. ‘ತಿದ್ದಿದೆ’ ಎಂಬ ಒಂದೇ ಮಾತು ಅಲ್ಲಿತ್ತು. ಯಾರು, ಎಂದು, ಏನು ಎಂಬ ಮೂರನ್ನೂ ಯಂತ್ರವು ತಾನಾಗಿ ಬರೆದುಕೊಂಡಿತ್ತು. ಏಕೆ ಎಂಬ ನಾಲ್ಕನೆಯದನ್ನು ಬರೆಯಬೇಕಾಗಿದ್ದವನು ನಾನು. ಅಂದು ಒಂದು ಸಾಲು ಹೆಚ್ಚು ಬರೆಯುವ ತಾಳ್ಮೆಯಿದ್ದಿದ್ದರೆ, ಬರೆಯುವಾಗಲೇ ತಪ್ಪು ಕಣ್ಣಿಗೆ ಬೀಳುತ್ತಿತ್ತೆಂದು ನಾನು ದೃಢವಾಗಿ ನಂಬುತ್ತೇನೆ. ಬೇಲೂರಿನ ಮಹಾದ್ವಾರದ ಗೋಪುರವನ್ನು 1397ರಲ್ಲಿ, ಇಮ್ಮಡಿ ಹರಿಹರನ ಆಳ್ವಿಕೆಯಲ್ಲಿ, ಗುಂಡ ದಂಡನಾಯಕನು ಮರಳಿ ಕಟ್ಟಿಸಿದನು. ಅದನ್ನು ತಿಳಿಸುವ ಶಾಸನವನ್ನು ರಚಿಸಿದವನು ‘ಗೋಪುರವನ್ನು ಕಟ್ಟಿಸಿದೆ’ ಎಂದಿಷ್ಟಕ್ಕೇ ನಿಲ್ಲದೆ, ಹಿಂದಿನ ಗೋಪುರವನ್ನು ಶತ್ರುಗಳು ಸುಟ್ಟುದರಿಂದ ಇದನ್ನು ಕಟ್ಟಿಸಬೇಕಾಯಿತೆಂಬ ಕಾರಣವನ್ನೂ ಕಲ್ಲಿನಲ್ಲಿ ಕೊರೆಸಿದನು. ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಉಳಿಪೆಟ್ಟಿನ ಶ್ರಮವಿದ್ದಾಗಲೂ ಬಿಡದೆ ಬರೆಯಿಸಿದ ಆ ಕಾರಣದಿಂದಲೇ, ಆರು ನೂರು ವರ್ಷಗಳ ಮೇಲೆಯೂ ನಾವು ಆ ಗೋಪುರದ ಕೆಳಗೆ ನಿಂತು, ಇದು ಮೂಲದ್ದಲ್ಲ, ಏಕಲ್ಲ ಎಂಬುದನ್ನು ಹೇಳಬಲ್ಲೆವು.

ದೀಪ ಹಚ್ಚುವ ಹೊತ್ತಿಗೆ ಅಂಕಿಯನ್ನು ಸರಿಪಡಿಸಿ ಕಮಿಟ್ ಮಾಡಲು ಕುಳಿತೆವು. ಒಕ್ಕಣೆಯನ್ನು ನಾನು ಹೇಳಿದೆ, ಅವಳು ಬೆರಳಚ್ಚಿಸಿದಳು: “ಪ್ರತಿಷ್ಠೆಯ ವರ್ಷ ಶಕ 1093 ಅಲ್ಲ, 1039. ಹಿಂದೆ ನಾನು ಬರೆಯುವಾಗ ಅಂಕಿಗಳು ಅದಲುಬದಲಾಗಿದ್ದುವು. ಹೇಮಳಂಬಿ ಸಂವತ್ಸರವೂ ವಿಷ್ಣುವರ್ಧನನ ಆಳ್ವಿಕೆಯೂ 1039ಕ್ಕೆ ಮಾತ್ರ ಹೊಂದುತ್ತವೆ.” ಅವಳು ಮತ್ತೊಮ್ಮೆ ಲಾಗ್ ತೆರೆದಾಗ ಅದು ಎಲ್ಲಕ್ಕಿಂತ ಮೇಲೆ ನಿಂತಿತ್ತು, ಬಹಳ ಕೆಳಗೆ, ಶ್ರಾವಣದ ಆ ರಾತ್ರಿಯ ‘ತಿದ್ದಿದೆ’ಯೂ ಇದ್ದಲ್ಲಿಯೇ ಇತ್ತು.