ನಿಮಗಿದು ಗೊತ್ತೇ? ಬ್ಯಾಕ್ಟೀರಿಯಾಕ್ಕೆ ವಿಷ ಯಾಕೆ ಬೇಕು?

ಬ್ಯಾಕ್ಟೀರಿಯಾ ವಿಷ ಕಾರುವುದು ನಮ್ಮ ಮೇಲಿನ ಹಗೆಯಿಂದಲ್ಲ. ಹೊಟ್ಟೆಪಾಡಿಗೆ, ಪ್ರಯಾಣಕ್ಕೆ, ನೆರೆಯವರೊಡನೆ ಜಗಳಕ್ಕೆ ಎಲ್ಲಕ್ಕೂ ಅದಕ್ಕೆ ವಿಷವೇ ಬೇಕು.

● ಕಾಲರಾ ವಿಷ ತಾಗಿದ ಕರುಳು ಉಪ್ಪು, ನೀರನ್ನು ಸುರಿಸುತ್ತದೆ. ಭೇದಿಯ ಜೊತೆ ಹೊರಬಿದ್ದ ಕೋಟ್ಯಂತರ ಬ್ಯಾಕ್ಟೀರಿಯಾ ಕೆರೆ, ಬಾವಿ ಸೇರಿ ಮುಂದಿನವರ ಹೊಟ್ಟೆಗೆ ಇಳಿಯುತ್ತವೆ. ಈ ವಿಷವನ್ನು 1959ರಲ್ಲಿ ಮೊಲದ ಕರುಳಿನ ಪ್ರಯೋಗದಿಂದ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ ದೇ.

● ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಒಳಹೊಕ್ಕ ವೈರಸ್ ತಂದದ್ದು. ಇದು ಗೊತ್ತಾದದ್ದು 1996ರಲ್ಲಿ.

● ಗಂಟಲಮಾರಿ ವಿಷದ ಜೀನ್ ಕೂಡ ವೈರಸ್‌ನದೇ. ಆದರೆ ಸ್ವಿಚ್ ಬ್ಯಾಕ್ಟೀರಿಯಾದ ಕೈಯಲ್ಲಿ! ಸುತ್ತ ಕಬ್ಬಿಣದ ಅಂಶ ಕಡಿಮೆಯಾದಾಗ ವಿಷದ ತಯಾರಿ ಜೋರಾಗುತ್ತದೆ.

● ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬೀಜಕ ಕಟ್ಟುವಾಗ ವಿಷದ ಹರಳನ್ನೂ ಕಟ್ಟುತ್ತದೆ. ಎಲೆಯೊಂದಿಗೆ ಹರಳು ತಿಂದ ಹುಳುವಿನ ಕರುಳು ತೂತಾಗುತ್ತದೆ. ಸತ್ತ ಹುಳುವೇ ಬ್ಯಾಕ್ಟೀರಿಯಾಕ್ಕೆ ಊಟ. 1901ರಲ್ಲಿ ಜಪಾನಿನಲ್ಲಿ ಇದು ಮೊದಲು ಸಿಕ್ಕಿದ್ದು ಸತ್ತ ರೇಷ್ಮೆಹುಳುಗಳಲ್ಲಿ. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿರುವುದು ಇದರದೇ ಜೀನ್.

● ಇ. ಕೊಲೈ ತನ್ನ ದಾಯಾದಿಗಳನ್ನು ಕೊಲ್ಲಲು ಕೊಲಿಸಿನ್ ಎಂಬ ವಿಷ ತಯಾರಿಸುತ್ತದೆ. 1925ರಲ್ಲಿ ಇದನ್ನು ಕಂಡವರು ಬೆಲ್ಜಿಯಂನ ಆಂದ್ರೆ ಗ್ರಾಸಿಯಾ. ಅನೇಕ ಕೊಲಿಸಿನ್‌ಗಳು ಹೊರಬರಬೇಕಾದರೆ ತಯಾರಿಸಿದ ಕೋಶವೇ ಒಡೆದು ಸಾಯಬೇಕು. ಪ್ರತಿವಿಷ ಮೊದಲೇ ಹೊಂದಿರುವ ಒಡಹುಟ್ಟುಗಳು ಬದುಕುತ್ತವೆ, ಜಾಗ ಅವುಗಳ ಪಾಲಾಗುತ್ತದೆ.

● ಕಾಲರಾ ಬ್ಯಾಕ್ಟೀರಿಯಾದ ಬಳಿ ವಿಷ ಸವರಿದ ಭರ್ಜಿಯೂ ಉಂಟು. ಪಕ್ಕದ ಬ್ಯಾಕ್ಟೀರಿಯಾವನ್ನು ಅದರಿಂದ ಚುಚ್ಚಿ ಕೊಂದು, ಚೆಲ್ಲಿದ ಡಿಎನ್‌ಎಯನ್ನು ತನ್ನದಾಗಿಸಿಕೊಳ್ಳುತ್ತದೆ.

● ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳಲ್ಲಿ ಕೆಲವು ವಿಷ, ಪ್ರತಿವಿಷ ಎರಡರ ಜೀನನ್ನೂ ಹೊತ್ತಿರುತ್ತವೆ. ಪ್ರತಿವಿಷ ಬೇಗ ಹಾಳಾಗುತ್ತದೆ, ವಿಷ ಉಳಿಯುತ್ತದೆ. ಉಂಗುರ ಕಳೆದುಕೊಂಡ ಮರಿಕೋಶಕ್ಕೆ ಸಾವೇ ಗತಿ.

● ಅತಿ ಘೋರ ವಿಷಗಳಲ್ಲೊಂದಾದ ಬೊಟುಲಿನಮ್ 85 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಐದು ನಿಮಿಷದಲ್ಲಿ ನಾಶವಾಗುತ್ತದೆ. ಆದರೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾದ ಬೀಜಕ ಕುದಿಯುವ ನೀರಿಗೂ ಜಗ್ಗದು. ಉಬ್ಬಿದ ಡಬ್ಬಿಯ ಆಹಾರವನ್ನು ರುಚಿ ನೋಡಲೂ ಹೋಗಬೇಡಿ.

● ಗಂಟಲಮಾರಿ, ಧನುರ್ವಾಯು ಲಸಿಕೆಗಳು ತಯಾರಾಗುವುದು ಬ್ಯಾಕ್ಟೀರಿಯಾದ ವಿಷದಿಂದಲೇ, ಅದರ ಹಲ್ಲು ಕಿತ್ತು. ನಿಮ್ಮ ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನ, ಈ ಎರಡೂ ಲಸಿಕೆ ಸೇರಿದ ಟಿಡಿ ಚುಚ್ಚುಮದ್ದು ಆಗಿದೆಯೇ? ಇಂದೇ ನೋಡಿಕೊಳ್ಳಿ.