ಬೇರೆ ಬೇರೆ ಕಾಲದ ಕಂಬಳ ಓಟಗಾರರಲ್ಲಿ ಯಾರು ಮಿಗಿಲು?

ಕೆಸರಿನಲ್ಲಿ ಕೋಣಗಳನ್ನು ಓಡಿಸುವ ಕಂಬಳದ ಓಟಗಾರರನ್ನು ಹೋಲಿಸಲು ಕೈಗೆ ಸಿಗುವ ಅಳತೆ ಸಮಯ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು (ಓಟದ ಕೆಸರುಹಾದಿ) 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳದ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. 100 ಮೀಟರಿಗೆ ಸರಾಸರಿ ತೆಗೆದರೆ ಇಬ್ಬರ ಸಮಯವೂ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರಿಗೆ ತೆಗೆದುಕೊಂಡ 9.58 ಸೆಕೆಂಡಿಗಿಂತ ಕಡಿಮೆ.

ಈ ಲೆಕ್ಕ ರೋಮಾಂಚನ ತರುವುದು ನಿಜ. ತೀರ್ಪಿಗೆ ಮಾತ್ರ ಸಾಲದು. ಬೋಲ್ಟ್ ನಿಂತಲ್ಲಿಂದ ಯಾವ ಎಳೆತದ ನೆರವೂ ಇಲ್ಲದೆ ಓಡಿದವರು. ಕಂಬಳದಲ್ಲಿ ಓಟಗಾರನನ್ನು ಕೋಣಗಳ ಜೋಡಿ ಎಳೆಯುತ್ತದೆ, ಕೆಸರುನೀರು ತಡೆಯುತ್ತದೆ. ಹಗ್ಗ ಹಿಡಿದ ಕೈ ಸಡಿಲವಾಗದಂತೆ ಕೋಣಗಳ ಹೆಜ್ಜೆಗೆ ಹೆಜ್ಜೆ ಕೂಡಿಸುವುದರಲ್ಲೇ ಅವನ ಕಸುಬಿದೆ. ಮಿಯ್ಯಾರಿನ ಲವ-ಕುಶ ಕರೆಯೂ ಕಟಪಾಡಿಯ ಮೂಡು-ಪಡು ಕರೆಯೂ ಒಂದೇ ಅಲ್ಲ. ಉದ್ದ, ನೀರು, ಕೆಸರು ಎಲ್ಲವೂ ಬೇರೆ. ಕನೆಹಲಗೆ ಎಂಬ ವಿಭಾಗದಲ್ಲಂತೂ ವೇಗಕ್ಕೆ ಬೆಲೆಯಿಲ್ಲ, ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ನೀರು ಚಿಮ್ಮಬೇಕು.

ಗಡಿಯಾರಕ್ಕೆ ಸಿಗದೆ ಓಡಿದ ಹಿಂದಿನವರನ್ನು ಇಂದಿನವರಿಗಿಂತ ಕಡಿಮೆ ಎನ್ನಲು ಆಧಾರವಿಲ್ಲ. ಒಂದೇ ದಿನ, ಒಂದೇ ಕರೆ, ಒಂದೇ ವಿಭಾಗದಲ್ಲಿ ಓಡಿದವರ ಹೋಲಿಕೆ ಮಾತ್ರ ನಂಬಲರ್ಹ.